ಚಿಕ್ಕಪ್ಪನ ಮನೆಗೆ ನೀವೇ ಮೊದಲು ಹೋಗಿ

ಕೊಲೋನ್, ಜರ್ಮನಿ

ಅಪ್ಪನಿಗೆ ಸ್ತೋತ್ರ. ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಪತ್ರ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಪುಟ್ಟಿಯ ಮದುವೆಗೆ ಐದು ಲಕ್ಷ ಸಾಲ ಬೇಡ ಎಂದು ಚಿಕ್ಕಪ್ಪ ಅಂದದ್ದಕ್ಕೆ ಅವರ ಜೊತೆ ಮಾತು ಬಿಟ್ಟಿದ್ದೀರಿ. ಅವರು ಬರುವ ಪೂಜೆ ತಪ್ಪಿಸಿ ಬೆಳಗಿನ ಪೂಜೆಗೆ ಹೋಗುತ್ತಿದ್ದೀರಿ. ಮೇಲೆ, "ಈ ಲೋಕದ ಜ್ಞಾನ ದೇವರ ಮುಂದೆ ಹುಚ್ಚುತನ ಅಂತ ಸಂತ ಪೌಲರೇ ಬರೆದಿದ್ದಾರೆ, ಅವನ ಲೆಕ್ಕಾಚಾರ ಅವನೇ ಇಟ್ಟುಕೊಳ್ಳಲಿ" ಅಂದಿದ್ದೀರಿ. ಆ ಮಾತಿಗೆ ಆ ಅರ್ಥವಿಲ್ಲ ಅಪ್ಪ.

ಪೌಲರು ಅದನ್ನು ಬರೆದದ್ದು ಗ್ರೀಸಿನ ಕೊರಿಂಥದ ಸಭೆಯವರಿಗೆ ಕಳಿಸಿದ ಮೊದಲ ಪತ್ರದಲ್ಲಿ. ರೋಮನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದ ಊರದು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಿಸಿ, ಗುಲಾಮಗಿರಿಯಿಂದ ಬಿಡುಗಡೆಯಾದ ಬಹಳ ಜನರನ್ನು ತಂದು ನೆಲೆಗೊಳಿಸಿದ. ಎರಡು ಬಂದರು, ಹೊಸ ದುಡ್ಡು. ಹಳೆಯ ಮನೆತನವಿಲ್ಲದ ಕಡೆ ದೊಡ್ಡವನೆನಿಸಿಕೊಳ್ಳಲು ವಾಗ್ಚಾತುರ್ಯ ಬೇಕು, ತೋರಿಕೆ ಬೇಕು. ಪೌಲರು ಅಲ್ಲಿ ಒಂದೂವರೆ ವರ್ಷ ಡೇರೆ ಹೊಲಿಯುತ್ತಾ ಬೋಧಿಸಿದರು. ಅವರು ಹೋದ ಮೇಲೆ ಸಭೆಯಲ್ಲಿ ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ (ಅಂದರೆ ಪೇತ್ರರ) ಕಡೆ ಎಂದು ಬಣ ಕಟ್ಟಿಕೊಂಡರು. ಪೌಲರು ಹುಚ್ಚುತನ ಎಂದದ್ದು ಈ ಮೇಲಾಟಕ್ಕೇ ಹೊರತು ಲೆಕ್ಕ ಬರೆಯುವುದಕ್ಕಲ್ಲ. ಗರ್ವದಿಂದ 'ಉಬ್ಬಿಕೊಳ್ಳುವುದು' ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಏಳು ಸಲ ಬರುತ್ತದೆ. ಅದರಲ್ಲಿ ಆರು ಸಲ ಈ ಒಂದೇ ಪತ್ರದಲ್ಲಿ.

ಅದೇ ಪತ್ರದ ಹನ್ನೊಂದನೆಯ ಅಧ್ಯಾಯವನ್ನೂ ತೆಗೆದು ಓದಿ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲರಿಗೆ ಅತಿ ಹೆಚ್ಚು ನೋವಾದದ್ದು ಅಲ್ಲಿಯೇ. ಬೀಗರ ಮುಂದೆ ದೊಡ್ಡ ಮದುವೆ ಛತ್ರ ಗೊತ್ತುಮಾಡಿ, ಒಡಹುಟ್ಟಿದ ತಮ್ಮನನ್ನು ಹೊರಗಿಟ್ಟು ಹಾಕಿಸುವ ಊಟ ಅದಕ್ಕೆ ದೂರವಿಲ್ಲ.

ಲೆಕ್ಕ ಹಾಕು ಎಂದದ್ದು ಯೇಸುಸ್ವಾಮಿಯೇ. ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುವುದಿಲ್ಲವೇ ಎನ್ನುತ್ತಾರೆ. ಇಲ್ಲಿಯ ದೊಡ್ಡ ಚರ್ಚನ್ನು 1248ರಲ್ಲಿ ಶುರುಮಾಡಿ, ಹದಿನಾರನೆಯ ಶತಮಾನದಲ್ಲಿ ಕೈಬಿಟ್ಟರು. ಅರೆಬರೆ ಗೋಪುರದ ನೆತ್ತಿಯಲ್ಲಿ ಕಲ್ಲೆತ್ತುವ ಮರದ ಕ್ರೇನು ನೂರಾರು ವರ್ಷ ಹಾಗೇ ನಿಂತಿತ್ತಂತೆ! ಮುಗಿದದ್ದು 1880ರಲ್ಲಿ. ಅದರ ಮಾದರಿಯೆಂದು ಹೇಳುವ ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟರು. ನಮ್ಮವರು ಅಷ್ಟೆಲ್ಲಾ ಕಾಯಿಸಲಿಲ್ಲ.

ನಿಮ್ಮ ಸಾಲವನ್ನೂ ಎಣಿಸೋಣ. ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಐದು ಲಕ್ಷಕ್ಕೆ ತಿಂಗಳಿಗೆ 10,000. ಮೂರು ವರ್ಷಕ್ಕೆ ಬಡ್ಡಿಯೇ 3,60,000, ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಒಂದು ತಿಂಗಳು ತಪ್ಪಿದರೆ ಬಡ್ಡಿಯ ಮೇಲೆ ಬಡ್ಡಿ ಹತ್ತಿಸುತ್ತಾರೆ.

ಮೇಲಿನಿಂದ ಬರುವ ಜ್ಞಾನದ ಗುರುತುಗಳನ್ನು ಯಾಕೋಬರು ತಮ್ಮ ಪತ್ರದ ಮೂರನೆಯ ಅಧ್ಯಾಯದ 17ನೇ ವಚನದಲ್ಲಿ ಹೇಳಿದ್ದಾರೆ: ಶುದ್ಧ, ಶಾಂತ, ಸೌಮ್ಯ, ಆಮೇಲೆ ಹೇಳಿದರೆ ಕೇಳುವಂಥದ್ದು. ಈ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲಿ ಅಪ್ಪ. ದೇವರ ಜ್ಞಾನವಿರುವವನು ಇನ್ನೊಬ್ಬರ ಮಾತಿಗೆ ಮಣಿಯಬಲ್ಲ. ಚಿಕ್ಕಪ್ಪನೂ ನಾಲ್ಕು ಜನರ ಮುಂದೆ ಅಂದದ್ದು ತಪ್ಪೇ. ತಪ್ಪಿದ್ದರೆ ಒಬ್ಬನೇ ಇದ್ದಾಗ ಹೇಳು ಎಂದು ಮತ್ತಾಯ 18 ಹೇಳುತ್ತದೆ. ಅವರಿಗೂ ಬರೆಯುತ್ತೇನೆ.

ಆದರೆ ನೀವು ಹಿರಿಯರು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಎಂಬ ಮಾತು ಮತ್ತಾಯ 5ರಲ್ಲಿದೆ. ತಪ್ಪು ಯಾರದು ಎಂದು ಅಲ್ಲಿ ಕೇಳಿಲ್ಲ. ಶನಿವಾರ ಸಂಜೆಯೇ ಹೋಗಿ. ಅಮ್ಮನನ್ನು ಮಾತ್ರ ಕರೆದುಕೊಂಡು ಹೋಗಿ, ಸೋದರಮಾವ ಬೇಡ, ಮಾತು ಬೆಳೆಯುತ್ತದೆ. ಸಾಲದ ವಿಷಯ ಮೊದಲು ಎತ್ತಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ. ಆಮೇಲೆ ಅವರ ಲೆಕ್ಕದ ಚೀಟಿ ತೋರಿಸಲು ನೀವೇ ಕೇಳಿ. ಮದುವೆಗೆ ಮೊದಲು ಚರ್ಚಿನಲ್ಲಿ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದುವುದಕ್ಕೆ ಮುಂಚೆ ಇದು ಮುಗಿಯಲಿ.

ನನ್ನ ಬಗ್ಗೆ ಸ್ವಲ್ಪವೂ ಯೋಚನೆ ಬೇಡ. ಒಳ್ಳೆಯ ಕೋಟಿದೆ, ರೂಮು ಬೆಚ್ಚಗಿದೆ, ಅಕ್ಕಿ ಬೇಳೆ ಎಲ್ಲಾ ಸಿಗುತ್ತದೆ, ಕೆಮ್ಮೂ ಇಲ್ಲ, ನಿಜವಾಗಿಯೂ ಇಲ್ಲ. ಅಂಚೆಗೆ ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಹೋಗಿಬಂದಿರಿ.

ನಿಮ್ಮ ಮಗಳು