ಕುಣಿಗಲ್ ಬೈಪಾಸಲ್ಲಿ ಸಿಕ್ಕಿದ ಅಣ್ಣಂಗೆ ಥ್ಯಾಂಕ್ಸ್

ಟೀ ಅಂಗಡಿ ಮುಂದೆ ನಮ್ಮ ಹಳೇ ಕಾರಿನ ಬಾನೆಟ್ ಎತ್ತಿ ನೋಡಿದ ಅಣ್ಣ, ಹೆಸರೂ ಹೇಳ್ದೆ ಹೋಗ್ಬಿಟ್ರಿ, ಅದಕ್ಕೇ ಇಲ್ಲಿ ಬರೀತಿದೀನಿ. ಚೆಕ್ ಇಂಜಿನ್ ಲೈಟು, ಐಡಲಲ್ಲಿ ಆರ್‌ಪಿಎಂ ಏರೋದು ಇಳಿಯೋದು, ಕೋಡ್ ಪಿ0171, ಅಂದ್ರೆ ಇಂಜಿನ್ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸಾರ್ ಚೇಂಜ್ ಮಾಡ್ಸಿ ಅಂದಿದ್ರು, ತಿಂಗಳ ಕೊನೇಲಿ ಅಷ್ಟು ದುಡ್ಡು ಎಲ್ಲಿಂದ ತರೋದು! ನೀವು ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಲ್ಲಿ ಫ್ಯೂಯಲ್ ಟ್ರಿಮ್, ಅಂದ್ರೆ ಕಾರಿನ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಪರ್ಸೆಂಟ್ ಜಾಸ್ತಿ ಕಮ್ಮಿ ಮಾಡ್ತಿದೆ ಅನ್ನೋದನ್ನ ತೋರಿಸಿದ್ರಿ, ಐಡಲಲ್ಲಿ ಪ್ಲಸ್ 25ರ ಹತ್ರ ಇದ್ದಿದ್ದು 2500 ಆರ್‌ಪಿಎಂಗೆ ಎತ್ತಿದ್ರೆ 5ಕ್ಕೆ ಇಳೀತು, ಫ್ಯೂಯಲ್ ಪಂಪ್ ವೀಕ್ ಆಗಿದ್ರೆ ರೇಸ್ ಮಾಡ್ದಾಗ ಇನ್ನೂ ಏರ್ಬೇಕಿತ್ತು, ಇದು ಎಲ್ಲೋ ಗಾಳಿ ಕದ್ದು ಒಳಗೆ ಹೋಗ್ತಿರೋದು ಅಂದ್ರಿ. ಆಮೇಲೆ ಬಾಟ್ಲು ಮುಚ್ಚಳಕ್ಕೆ ತೂತು ಮಾಡಿ ಇಂಜಿನ್‌ಗೆ ಗಾಳಿ ಹಂಚೋ ಮ್ಯಾನಿಫೋಲ್ಡ್ ಸುತ್ತ ಹೋಸ್‌ಗಳ ಮೇಲೆ ನೀರು ಬಿಡ್ತಾ ಬಂದ್ರಿ, ಪಿಸಿವಿ ಹೋಸ್ (ಇಂಜಿನ್ ಒಳಗಿನ ಹೊಗೆನ ವಾಪಸ್ ಮ್ಯಾನಿಫೋಲ್ಡ್‌ಗೆ ಕಳ್ಸೋ ಪೈಪು) ಹತ್ರ ಬಂದಾಗ, ನೀರು ತೂತು ಮುಚ್ಚಿದ್ದಕ್ಕೆ ಇಂಜಿನ್ ಸದ್ದು ಒಂದ್ ಕ್ಷಣ ನೆಟ್ಟಗಾಯ್ತು ನೋಡಿ, ಬಗ್ಗಿಸಿದ್ರೆ ಕೆಳಗಡೆ ರಬ್ಬರ್ ಉದ್ದಕ್ಕೆ ಸೀಳಿತ್ತು, ಮೇಲಿಂದ ಕಾಣ್ತಾನೇ ಇರ್ಲಿಲ್ಲ. ಹೊಸ ಹೋಸು 180 ರೂಪಾಯಿ, ಅಷ್ಟೇ! ಸೆನ್ಸಾರ್ ಹಳೇದೇ ಇದೆ, ಲೈಟ್ ಮತ್ತೆ ಬಂದಿಲ್ಲ. ಟೀ ದುಡ್ಡೂ ನೀವೇ ಕೊಟ್ಬಿಟ್ರಿ, ಅದು ಮಾತ್ರ ಸರಿಯಿಲ್ಲ ಅಣ್ಣ, ಮತ್ತೆ ಸಿಕ್ಕಿದ್ರೆ ಊಟ ನಂದು.