ಸಾಕು ಹೆಬ್ಬಾವಿಗೆ ಗದ್ದೆ ಇಲಿ ಬೇಡ

ಮಾನ್ಯರೇ,

ಮೈಸೂರಿನಲ್ಲಿ ಬಾಲ್ ಪೈಥಾನ್ (ಆಫ್ರಿಕಾ ಮೂಲದ ಹೆಬ್ಬಾವು) ಸಾಕುವವರು ಮಂಡ್ಯ ಕಡೆಯ ಗದ್ದೆ ಇಲಿಯನ್ನು ತಿನ್ನಿಸಲೇಬಾರದು. ಬ್ರೊಮಾಡಿಯೋಲೋನ್ ಪಾಷಾಣ ತಿಂದ ಇಲಿಯ ಪಿತ್ತಜನಕಾಂಗದಲ್ಲಿ ವಿಷ ಉಳಿದಿರುತ್ತದೆ, ನುಂಗಿದ ಹಾವಿಗೂ ದಾಟುತ್ತದೆ. ಸಾಕಿ ಬೆಳೆಸಿ ಫ್ರೀಜ್ ಮಾಡಿದ ಇಲಿಯೇ ಸರಿ. ಗಾತ್ರ ಹಾವಿನ ನಡುಭಾಗದ ದಪ್ಪ ಮೀರಬಾರದು. ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕರಗಲು ಬಿಟ್ಟು, ಚೀಲ ಸಮೇತ ಬಿಸಿನೀರಲ್ಲಿಟ್ಟು ಸುಮಾರು 38 ಡಿಗ್ರಿಗೆ ಬೆಚ್ಚಗಾದ ಮೇಲೆ ಉದ್ದನೆಯ ಇಕ್ಕಳದಲ್ಲಿ ಕೊಡಿ. ಒಳಗೆ ಮಂಜು ಉಳಿದರೆ ಹಾವು ಕಕ್ಕೀತು. ಮೈಕ್ರೋವೇವ್ ಬೇಡವೇ ಬೇಡ, ಇಲಿಯ ಹೊಟ್ಟೆ ಸಿಡಿಯುತ್ತದೆ. ಜೀವಂತ ಇಲಿ ಹಾವನ್ನೇ ಕಚ್ಚಬಹುದು. ಮೂಳೆಯಿಲ್ಲದ ಮಟನ್‌ ತುಂಡಿನಲ್ಲಿ ಕ್ಯಾಲ್ಸಿಯಂ ಸಾಲದು. ಹಾಲಂತೂ ಹಾವಿನ ಆಹಾರವೇ ಅಲ್ಲ, ನಾಗರ ಪಂಚಮಿಯಂದೂ ಅಲ್ಲ! ತಿಂದ ಮೇಲೆ 48 ಗಂಟೆ ಎತ್ತಿಕೊಳ್ಳಬೇಡಿ. ಅಂದಹಾಗೆ, ನಮ್ಮ ನಾಡಿನ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

– ಓದುಗರು, ಸರಸ್ವತಿಪುರಂ, ಮೈಸೂರು