ಶಾರ್ಕ್ ಬಂತು, ಮನೆ ಹೋಯಿತು

ಮಾನ್ಯರೇ,

ಹಳೆಯ ರೋಮಿನಲ್ಲಿ ಜನರ ಮುಂದೆ ಕಾದಾಡುತ್ತಿದ್ದ ಗ್ಲಾಡಿಯೇಟರ್‌ಗಳ ಸಿನಿಮಾ ‘ಗ್ಲಾಡಿಯೇಟರ್ 2’ ಮೊದಲನೆಯದಕ್ಕಿಂತ ಎಷ್ಟೋ ಅದ್ದೂರಿಯಾಗಿದೆ, ಹಳೆಯದನ್ನು ಹೊಗಳುವವರಿಗೆ ಬರೀ ಹಳೇ ಕಾಲದ ಮೋಹ ಅಂತ ಓದುಗರೊಬ್ಬರು ನಿಮ್ಮ ಸಿನಿಮಾ ಪುಟದಲ್ಲಿ ಬರೆದಿದ್ದರು. ಅದ್ದೂರಿ ಹೌದು, ಒಪ್ಪಿದೆ. ಮೋಹದ ಮಾತು ಮಾತ್ರ ಒಪ್ಪುವುದಿಲ್ಲ. 2024ರ ನವೆಂಬರಿನಲ್ಲಿ ಎರಡನೆಯದನ್ನು ಥಿಯೇಟರಿನಲ್ಲಿ ನೋಡಿ ಬಂದ ವಾರವೇ ಮೊದಲನೆಯದನ್ನು ಮನೆಯಲ್ಲಿ ಹಾಕಿಕೊಂಡು ಕೂತೆ. ಎರಡೂ ರಿಡ್ಲಿ ಸ್ಕಾಟ್ ಅವರದೇ, ನಡುವೆ 24 ವರ್ಷ.

2000ರ ಸಿನಿಮಾದಲ್ಲಿ ಒಂದು ಸೀನ್ ಇದೆ. ಯುದ್ಧ ಗೆದ್ದ ಸೇನಾಪತಿ ಮ್ಯಾಕ್ಸಿಮಸ್‌ನನ್ನು ಮುದುಕ ಚಕ್ರವರ್ತಿ ಮಾರ್ಕಸ್ ಅರೀಲಿಯಸ್ ಡೇರೆಗೆ ಕರೆಸಿ, ಮನೆಗೆ ಹೋಗಿ ಎಷ್ಟು ದಿನವಾಯಿತಪ್ಪಾ ಅಂತ ಕೇಳುತ್ತಾನೆ. ಎರಡು ವರ್ಷ, 264 ದಿನ, ಜೊತೆಗೆ ಇವತ್ತಿನ ಬೆಳಗು. ಬೆರಳು ಮಡಚಿ ಲೆಕ್ಕ ಇಟ್ಟವನ ಉತ್ತರ ಅದು. ಆಮೇಲೆ ಮನೆಯ ಬಗ್ಗೆ ಹೇಳುತ್ತಾನೆ. ಬಿಸಿಲಿಗೆ ಬೆಚ್ಚಗಾಗುವ ಗುಲಾಬಿ ಬಣ್ಣದ ಕಲ್ಲು, ಹಿತ್ತಲಿನ ಗಿಡಗಳ ವಾಸನೆ, ಅಂಜೂರ, ಹೆಂಡತಿಯ ಕೂದಲಿನಷ್ಟು ಕಪ್ಪಗಿರುವ ಮಣ್ಣು. ಅಷ್ಟೇ, ಸ್ವಲ್ಪವೇ ಹೊತ್ತು. ಹೆಂಡತಿ ಮಗುವಿಗೆ ತೆರೆಯ ಮೇಲೆ ಸಿಗುವ ಜಾಗವೂ ಕಡಿಮೆ, ಮಾತೂ ಕಡಿಮೆ. ಆದರೂ ಚಕ್ರವರ್ತಿಯ ಮಗ ಕೊಮೋಡಸ್ ಅವರನ್ನು ಕೊಲ್ಲಿಸಿದ ಮೇಲೆ ಮ್ಯಾಕ್ಸಿಮಸ್ ಕುದುರೆ ಓಡಿಸಿಕೊಂಡು ಬಂದು ಸುಟ್ಟ ಹೊಲ ನೋಡುವಾಗ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕಂದರೆ ಆ ಮನೆಯೊಳಗೆ ನಾವು ಆಗಲೇ ಒಂದು ಸುತ್ತು ಹಾಕಿ ಬಂದಿರುತ್ತೇವೆ.

ಎರಡನೆಯದರ ನಾಯಕ, ಮ್ಯಾಕ್ಸಿಮಸ್‌ನ ಮಗ ಲೂಸಿಯಸ್‌ಗೂ ಹೆಂಡತಿ ಇದ್ದಾಳೆ. ಉತ್ತರ ಆಫ್ರಿಕಾದ ನುಮಿಡಿಯಾದ ಕೋಟೆಗೆ ರೋಮಿನ ಹಡಗುಗಳು ಬರುತ್ತವೆ, ಯುದ್ಧವಾಗುತ್ತದೆ, ಬಾಣ ತಾಗಿ ಅವಳು ಸಾಯುತ್ತಾಳೆ. ಪಾಪ ಅನ್ನಿಸುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅವರಿಬ್ಬರ ಮನೆ ಹೇಗಿತ್ತು, ಸಂಜೆ ಹೊತ್ತು ಏನು ಮಾತಾಡಿಕೊಳ್ಳುತ್ತಿದ್ದರು, ಒಂದೂ ನಮಗೆ ಗೊತ್ತಿಲ್ಲ. ಅವನ ಸಿಟ್ಟೂ ಒಂದು ಕಡೆ ನಿಲ್ಲುವುದಿಲ್ಲ. ಮೊದಲು ಆ ದಾಳಿ ಮಾಡಿದ ಸೇನಾಪತಿ ಅಕೇಸಿಯಸ್ ಮೇಲೆ, ಆಮೇಲೆ ಅವನು ಒಳ್ಳೆಯವನು ಅಂತ ಗೊತ್ತಾಗಿ ರೋಮಿನ ಮೇಲೆ, ಕೊನೆಗೆ ಗ್ಲಾಡಿಯೇಟರ್‌ಗಳ ಒಡೆಯ ಮ್ಯಾಕ್ರಿನಸ್ ಮೇಲೆ. ಲೂಸಿಯಸ್ ಆಗಿರುವ ಪಾಲ್ ಮೆಸ್ಕಲ್ ಕೆಟ್ಟ ನಟ ಅಲ್ಲವೇ ಅಲ್ಲ. ಮ್ಯಾಕ್ಸಿಮಸ್ ಆಗಿದ್ದ ರಸೆಲ್ ಕ್ರೋಗೆ ಮನೆಗೆ ಹೋಗಬೇಕು ಅನ್ನುವ ಒಂದೇ ಆಸೆ ಕೊಟ್ಟಿದ್ದರು, ಇವರ ತಲೆ ಮೇಲೆ ಇಡೀ ರೋಮ್ ಉದ್ಧಾರ ಮಾಡುವ ಕೆಲಸ ಹೊರಿಸಿದ್ದಾರೆ.

ಆ ಖಾಲಿ ಜಾಗ ತುಂಬಲು ಬಬೂನ್ ಕೋತಿ, ಘೇಂಡಾಮೃಗ, ಕೊನೆಗೆ ಕಾದಾಟ ನಡೆಯುವ ಕೊಲೋಸಿಯಮ್ಮಿನೊಳಗೇ ನೀರು ತುಂಬಿಸಿ ಶಾರ್ಕ್! ನೀರಿನ ಯುದ್ಧ ಪೂರ್ತಿ ಕಟ್ಟುಕಥೆ ಅಲ್ಲ, ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕಾಲದಲ್ಲಿ ಕೊಲೋಸಿಯಂ ಶುರುವಾದಾಗ ಅಂಥದ್ದು ನಡೆಯಿತು ಅಂತ ಹಳೆಯ ಬರಹಗಳಲ್ಲಿದೆ. ಶಾರ್ಕ್ ಬಿಟ್ಟಿದ್ದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಇತಿಹಾಸ ತಿರುಚಿದರು ಅನ್ನೋದು ನನ್ನ ದೂರಲ್ಲ. ಮೊದಲನೆಯದೂ ಬೇಕಾದಷ್ಟು ತಿರುಚಿದೆ. ಮ್ಯಾಕ್ಸಿಮಸ್ ಅನ್ನುವ ಆ ಸೇನಾಪತಿಯೇ ಕಲ್ಪನೆ. ನಿಜದ ಕೊಮೋಡಸ್ ಕಣದಲ್ಲಿ ಸಾಯಲಿಲ್ಲ, ಅಪ್ಪ ತೀರಿಹೋದ ಮೇಲೆ ಹನ್ನೆರಡು ವರ್ಷ ಆಳಿ, 192ರ ಕೊನೆಯ ದಿನ ಕುಸ್ತಿಪಟುವೊಬ್ಬನ ಕೈಯಲ್ಲಿ ಕತ್ತು ಹಿಸುಕಿಸಿಕೊಂಡು ಸತ್ತ. ನನ್ನ ಹೊಟ್ಟೆಯುರಿ ಬೇರೆ. ಈ ಸಲ ಇವರ ಕೈಯಲ್ಲಿದ್ದ ನಿಜದ ಕಥೆ ಕಲ್ಪನೆಗಿಂತ ಜೋರಾಗಿತ್ತು ಕಣ್ರೀ! ಎರಡನೆಯದರ ಚಕ್ರವರ್ತಿಗಳಾದ ಕ್ಯಾರಕಲ್ಲ ಮತ್ತು ಗೀಟ ನಿಜದಲ್ಲೂ ಒಟ್ಟಿಗೆ ಪಟ್ಟಕ್ಕೆ ಬಂದ ಅಣ್ಣತಮ್ಮಂದಿರು. ರಾಜಿ ಮಾಡಿಸ್ತೀನಿ ಅಂತ ತಾಯಿ ಜೂಲಿಯಾ ಡೋಮ್ನಾ ಇಬ್ಬರನ್ನೂ ಕರೆಸಿದಾಗ, ಅಣ್ಣ ಕ್ಯಾರಕಲ್ಲನ ಕಡೆಯವರು ತಮ್ಮ ಗೀಟನನ್ನು ಆ ತಾಯಿಯ ತೋಳಲ್ಲೇ ಕೊಂದರು. ಅದು 211ರಲ್ಲಿ. ಆಮೇಲೆ ಅಣ್ಣ ತಮ್ಮನ ಹೆಸರನ್ನು ಊರೂರಿನ ಕಲ್ಲುಗಳ ಮೇಲಿಂದ ಕೆತ್ತಿಸಿ ತೆಗೆಸಿದ. ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿ ಆ ಸಂಸಾರದ ಬಣ್ಣದ ಚಿತ್ರವೊಂದಿದೆ. ಅಪ್ಪ, ಅಮ್ಮ, ಒಬ್ಬ ಮಗ ಇದ್ದಾರೆ, ಇನ್ನೊಬ್ಬ ಮಗನ ಮುಖವನ್ನು ಉಜ್ಜಿ ಅಳಿಸಿದ್ದಾರೆ. ಇಂಥ ದಾಯಾದಿ ಜಗಳ ಸಿಕ್ಕರೆ ನಮ್ಮ ಹಳ್ಳಿಯ ನಾಟಕದ ಮೇಷ್ಟ್ರೂ ರಾತ್ರಿಯಿಡೀ ಎಳೆಯುತ್ತಾರೆ. ಸಿನಿಮಾದಲ್ಲಿ ಆ ತಾಯಿ ಇಲ್ಲವೇ ಇಲ್ಲ. ಇಬ್ಬರು ಅಣ್ಣತಮ್ಮಂದಿರು ಮುಖಕ್ಕೆ ಬಿಳಿ ಬಳಿದುಕೊಂಡು ಕಿರುಚಾಡುತ್ತಾರೆ, ಒಬ್ಬನ ಹೆಗಲ ಮೇಲೆ ಕೋತಿ. ವಾಕೀನ್ ಫೀನಿಕ್ಸ್ ಮಾಡಿದ ಕೊಮೋಡಸ್ ಅಪ್ಪನ ಪ್ರೀತಿಗೆ ಹಪಹಪಿಸುವುದನ್ನು ಕಂಡು ಅವನ ಮೇಲೂ ಕನಿಕರ ಬರುತ್ತಿತ್ತು, ಅಲ್ವಾ?

ಡೆನ್ಜೆಲ್ ವಾಷಿಂಗ್ಟನ್ ಮಾತ್ರ ಭಾರೀ. ಮ್ಯಾಕ್ರಿನಸ್ ಆಗಿ ಅವರು ಸುಮ್ನೆ ಬಟ್ಟೆ ಸರಿಮಾಡಿಕೊಂಡರೂ ಕಣ್ಣು ಅಲ್ಲೇ ಹೋಗುತ್ತದೆ. ಅವರಿರುವಷ್ಟು ಹೊತ್ತು ನನಗೆ ಶಾರ್ಕೂ ನೆನಪಾಗಲಿಲ್ಲ. ಇನ್ನು ಸಂಗೀತ. ಹ್ಯಾನ್ಸ್ ಜಿಮ್ಮರ್ ಮತ್ತು ಲೀಸಾ ಜೆರಾರ್ಡ್ ಅವರ ಹಳೆಯ ರಾಗ ಒಂದೆರಡು ಕಡೆ ಮತ್ತೆ ಕೇಳಿಸಿದಾಗ ಮೈ ಜುಮ್ಮೆಂದಿತು, ಆದರೆ ನೆನಪಾದದ್ದು ಗೋಧಿ ತೆನೆ ಸವರಿಕೊಂಡು ಹೋಗುವ ಮ್ಯಾಕ್ಸಿಮಸ್‌ನ ಕೈ. ಮುಂದೆ ಕೂತಿದ್ದ ಲೂಸಿಯಸ್ ಅಲ್ಲ.

ಮೂರನೇ ಭಾಗದ ಮಾತನ್ನೂ ಸ್ಕಾಟ್ ಆಡಿದ್ದಾರೆ. ಮಾಡಲಿ, ಎಂಬತ್ತು ದಾಟಿದ ಮೇಲೂ ಅವರಿಗಿರುವ ಹುರುಪು ನನಗೆ ಐವತ್ತಕ್ಕೇ ಇಲ್ಲ, ಟಿಕೆಟ್ಟನ್ನೂ ತಗೊಳ್ತೀನಿ. ಪ್ರಾಣಿಗಳನ್ನು ಹೊರಗೆ ಕಟ್ಟಿ ಬರಲಿ.

ಇತಿ,
ಒಬ್ಬ ಓದುಗ, ಮೈಸೂರು